ಕಾಫಿ ಕೊಯ್ಲಿನ ಲೆಕ್ಕಕ್ಕೊಂದು ಮೊಬೈಲ್ ಆ್ಯಪ್: ವಿನ್ಯಾಸದಿಂದ ಪ್ರಚಾರದವರೆಗೆ ಹಂತ ಹಂತವಾಗಿ

ಆ್ಯಪ್ ಮಾಡಿ ಸೋತವರಲ್ಲಿ ಹೆಚ್ಚಿನವರು ದೂರುವುದು ಪ್ರಚಾರವನ್ನು. ಕೆಲಸದ ಜಾಡು ಹಿಡಿದು ಹಿಂದಕ್ಕೆ ಹೋದರೆ ಎಡವಿದ ಜಾಗ ಬೇರೆಯೇ ಇರುತ್ತದೆ. ಮೊದಲು ಕೋಡ್, ಆಮೇಲೆ ಹೆಸರು ಮತ್ತು ಲೋಗೊ, ಕೊನೆಗೆ ಬಳಸುವವರ ಹುಡುಕಾಟ: ಕ್ರಮವೇ ತಲೆಕೆಳಗಾಗಿರುತ್ತದೆ. ಕೊಡಗಿನಲ್ಲಿ ಇದಕ್ಕೆ ಇನ್ನೆರಡು ತಪ್ಪು ಸೇರುತ್ತವೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದನ್ನು ಲೆಕ್ಕಕ್ಕೆ ಹಿಡಿಯದಿರುವುದು ಒಂದು. ತೋಟದ ಕೆಲಸದ ತಿಂಗಳುಗಳನ್ನು ನೋಡದೆ ಬಿಡುಗಡೆಯ ದಿನ ಇಟ್ಟುಕೊಳ್ಳುವುದು ಇನ್ನೊಂದು.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೋಗೋಣ: ಸಣ್ಣ ಕಾಫಿ ತೋಟದಲ್ಲಿ ಕೊಯ್ದ ಹಣ್ಣಿನ ತೂಕ ಬರೆದುಕೊಂಡು ವಾರದ ಬಟವಾಡೆಯ (ಕೂಲಿ ಹಂಚುವ) ಲೆಕ್ಕ ಕೊಡುವ ಆ್ಯಪ್. ನಿಮ್ಮದು ಹೋಂಸ್ಟೇ ಬುಕಿಂಗ್ ಆಗಲಿ, ಶಾಲಾ ವ್ಯಾನಿನ ಆ್ಯಪ್ ಆಗಲಿ, ಹಂತಗಳ ಕ್ರಮ ಇದೇ.

## ಶುರು ಮಾಡುವ ಮುನ್ನ

ಕಂಪ್ಯೂಟರಿಗೆ 16 ಜಿಬಿ ರ್‍ಯಾಮ್ ಇರಲಿ. 8 ಜಿಬಿಯಲ್ಲಿ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಮತ್ತು ಕಂಪ್ಯೂಟರಿನಲ್ಲೇ ಫೋನಿನಂತೆ ನಡೆಯುವ ಎಮ್ಯುಲೇಟರ್ ಒಟ್ಟಿಗೆ ಓಡಿಸುವುದು ಕಷ್ಟ. ಪರೀಕ್ಷೆಗೆ ಮೂರು ಫೋನು ಬೇಕು: 2 ಅಥವಾ 3 ಜಿಬಿ ರ್‍ಯಾಮಿನ ಹಳೆಯದೊಂದು, ಮಧ್ಯಮ ಬೆಲೆಯದೊಂದು, ಬೇರೆ ಕಂಪನಿಯದೊಂದು. ಹಳೆಯ ಫೋನೇ ಮುಖ್ಯ, ಏಕೆಂದರೆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೈಯಲ್ಲಿರುವುದು ಹೆಚ್ಚಾಗಿ ಅಂಥದ್ದೇ. ಪ್ಲೇ ಸ್ಟೋರಿನ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಈ ಕೆಲಸಕ್ಕೆ ಅದು ಸದ್ಯಕ್ಕೆ ಬೇಡ.

ಖಾತೆ ತೆರೆಯುವಾಗಲೇ ವೈಯಕ್ತಿಕವೋ ಸಂಸ್ಥೆಯದೋ ಎಂದು ತೀರ್ಮಾನಿಸಿ. ಸಂಸ್ಥೆಯ ಖಾತೆಗೆ ಡನ್ಸ್ ಸಂಖ್ಯೆ (ವ್ಯಾಪಾರ ಸಂಸ್ಥೆಗಳಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು. ವೈಯಕ್ತಿಕ ಖಾತೆಯಲ್ಲಿ ದುಡ್ಡು ಮಾಡುವ ಆ್ಯಪ್ ಇಟ್ಟರೆ ನಿಮ್ಮ ವಿಳಾಸ ಸ್ಟೋರಿನಲ್ಲಿ ಎಲ್ಲರಿಗೂ ಕಾಣುತ್ತದೆ. ಇದು ಕೊನೆಯ ವಾರದಲ್ಲಿ ತಿಳಿದು ಗಾಬರಿಯಾಗುವವರಿದ್ದಾರೆ.

## ಹಂತ 1: ಪುಸ್ತಕ ಓದಿ, ಒಂದೇ ಕೆಲಸ ಆರಿಸಿ

ಮೊದಲ ಹಂತದಲ್ಲಿ ಕಂಪ್ಯೂಟರ್ ತೆರೆಯಬೇಡಿ. ಐದಾರು ತೋಟಗಳಿಗೆ ಹೋಗಿ ಕಳೆದ ಕೊಯ್ಲಿನ ಲೆಕ್ಕದ ಪುಸ್ತಕ ಕೇಳಿ. «ಇಂಥ ಆ್ಯಪ್ ಮಾಡಿದರೆ ಬಳಸ್ತೀರಾ?» ಎಂದು ಕೇಳಿದರೆ ನಿಮ್ಮ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು «ಕಳೆದ ಬಟವಾಡೆ ದಿನ ಲೆಕ್ಕ ಹೇಗೆ ಮಾಡಿದಿರಿ? ಎಷ್ಟು ಹೊತ್ತು ಹಿಡಿಯಿತು? ಎಲ್ಲಿ ತಕರಾರು ಬಂತು?» ಎಂದು ಕೇಳಿ.

ಪುಸ್ತಕದಲ್ಲಿ ಕಾಣುವ ಸಂಗತಿಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಅವು ಹೀಗಿರುತ್ತವೆ.

ಖಾತೆ ಎಂದರೆ ಯಾವಾಗಲೂ ಒಬ್ಬ ವ್ಯಕ್ತಿ ಅಲ್ಲ. ಗಂಡ-ಹೆಂಡತಿ ಒಂದೇ ಚೀಲಕ್ಕೆ ಕೊಯ್ದರೆ ತೂಕ ಒಂದೇ, ಹೆಸರೂ ಒಂದೇ. ಆ್ಯಪ್ ಪ್ರತಿಯೊಬ್ಬರಿಗೂ ಬೇರೆ ತೂಕ ಬೇಕೇಬೇಕೆಂದು ಹಟ ಹಿಡಿದರೆ ರೈಟರ್ ಮೊದಲ ದಿನವೇ ಕೈಬಿಡುತ್ತಾರೆ.

ಕೂಲಿ ಒಂದೇ ಬಗೆಯದಲ್ಲ. ಹಣ್ಣು ತುಂಬಿರುವಾಗ ಕಿಲೋಗೆ ಇಷ್ಟು ಎಂದಿರುತ್ತದೆ. ಅರೇಬಿಕಾದ ಮೊದಲ ಆಯ್ಕೆ ಕೊಯ್ಲಿನಲ್ಲಿ, ಕೊನೆಯಲ್ಲಿ ನೆಲದ ಕಾಳು ಹೆಕ್ಕುವಾಗ ಕಿಲೋ ಲೆಕ್ಕ ಗಿಟ್ಟುವುದಿಲ್ಲ, ಆಗ ದಿನಗೂಲಿ. ಒಂದೇ ವಾರದಲ್ಲಿ ಎರಡೂ ಬರಬಹುದು.

ಒಂದೇ ಹೆಸರಿನ ಮೂವರು ಇರುತ್ತಾರೆ. ಅಸ್ಸಾಮಿನಿಂದ ಬಂದವರ ಹೆಸರನ್ನು ರೈಟರ್ ಸೋಮವಾರ ಒಂದು ಬಗೆ, ಗುರುವಾರ ಇನ್ನೊಂದು ಬಗೆ ಬರೆದಿರುತ್ತಾರೆ. ಹಾಗಾಗಿ ಹೆಸರನ್ನು ದಿನವೂ ಟೈಪ್ ಮಾಡಿಸಬಾರದು. ಪಟ್ಟಿಯಿಂದ ಆರಿಸುವಂತಿರಬೇಕು, ಜೊತೆಗೆ ಒಂದು ಟೋಕನ್ ಸಂಖ್ಯೆ ಇರಬೇಕು.

ಮುಂಗಡ, ರೇಷನ್ನಿಗೆ ಕೊಟ್ಟ ದುಡ್ಡು, ಹಿಂದಿನ ವಾರದ ಬಾಕಿ ಇವೆಲ್ಲ ಬಟವಾಡೆಯಲ್ಲಿ ವಜಾ ಆಗುತ್ತವೆ. ಚೀಲದ ತೂಕ ಕಳೆಯುವುದನ್ನು ಕೆಲವರು ಬರೆಯುತ್ತಾರೆ, ಕೆಲವರು ಬಾಯಲ್ಲೇ ಕಳೆದು ಉಳಿದದ್ದನ್ನು ಬರೆಯುತ್ತಾರೆ.

ಇಷ್ಟು ಸಿಕ್ಕಿದ ಮೇಲೆ ಆ್ಯಪ್ ಮಾಡಬೇಕಾದ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ: «ತೂಕ ಹಾಕಿದ ಜಾಗದಲ್ಲೇ ಬರೆದು, ಬಟವಾಡೆ ದಿನ ಪ್ರತಿ ಖಾತೆಗೆ ಕೊಡಬೇಕಾದ ಮೊತ್ತ ಹೇಳುವುದು.» ಕಾಫಿ ಧಾರಣೆ, ಹವಾಮಾನ, ಮೆಣಸಿನ ಲೆಕ್ಕ, ಗೊಬ್ಬರದ ನೆನಪೋಲೆ ಯಾವುದೂ ಈಗ ಬೇಡ.

ಎಚ್ಚರಿಕೆಯ ಗುರುತು: ವಾಕ್ಯದಲ್ಲಿ «ಮತ್ತು» ಮೂರು ಸಲ ಬಂದಿದ್ದರೆ ನೀವು ಮೂರು ಆ್ಯಪ್ ಮಾಡಲು ಹೊರಟಿದ್ದೀರಿ.

## ಹಂತ 2: ಕಾಗದದ ಮೇಲೆ ಓಡಿಸಿ

ಪ್ರತಿ ಪರದೆಗೂ ಒಂದು ಹಾಳೆ ತೆಗೆದುಕೊಂಡು ಕೈಯಲ್ಲೇ ಬಿಡಿಸಿ. ಈ ಆ್ಯಪ್‌ಗೆ ನಾಲ್ಕು ಪರದೆ ಸಾಕು: ಇಂದಿನ ತೂಕ, ಖಾತೆಗಳ ಪಟ್ಟಿ, ಒಂದು ಖಾತೆಯ ವಿವರ, ಬಟವಾಡೆ. ಹಾಳೆಗಳನ್ನು ರೈಟರ್ ಮುಂದಿಟ್ಟು «ಟೋಕನ್ 14, 62 ಕಿಲೋ, ಬರೆಯಿರಿ» ಅನ್ನಿ. ಅವರು ಯಾವ ಜಾಗ ಮುಟ್ಟುತ್ತಾರೆ ನೋಡಿ, ನೀವು ಬಾಯಿ ಬಿಡಬೇಡಿ. ಎಲ್ಲಿ ಬೆರಳು ನಿಂತಿತೋ ಅಲ್ಲಿ ವಿನ್ಯಾಸ ತಪ್ಪಿದೆ.

ಸಂಜೆ ತೂಕದ ಹೊತ್ತಿನಲ್ಲಿ ಸಾಲು ನಿಂತಿರುತ್ತದೆ, ಎಲ್ಲರಿಗೂ ಮನೆ ಸೇರುವ ಆತುರ. ಪುಸ್ತಕದಲ್ಲಿ ಒಂದು ನಮೂದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ಆ್ಯಪ್ ಅದಕ್ಕಿಂತ ನಿಧಾನವಾದರೆ ಯಾವ ಪ್ರಚಾರವೂ ಉಳಿಸಲಾರದು. ಮೂರು ಮುಟ್ಟಿಗೆ ಕೆಲಸ ಮುಗಿಯಬೇಕು: ಖಾತೆ, ಸಂಖ್ಯೆ, ಸರಿ.

## ಹಂತ 3: ಲೆಕ್ಕದ ರಚನೆ

ಇಲ್ಲಿ ಆಗುವ ತಪ್ಪು ಕೂಲಿಯವರ ಜೇಬಿನಿಂದ ದುಡ್ಡು ತೆಗೆಯುತ್ತದೆ. ಹಾಗಾಗಿ ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ.

ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಎರಡನ್ನೂ ಪೂರ್ಣಾಂಕವಾಗಿ ಇಡಿ. ದಶಮಾಂಶ ಸಂಖ್ಯೆಯಲ್ಲಿ ಇಟ್ಟರೆ ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ 0.1 ಎಂಬುದು ಸರಿಯಾಗಿ ಕೂರುವುದಿಲ್ಲ. ನೂರಾರು ನಮೂದು ಕೂಡಿದಾಗ ಪೈಸೆಗಳು ಅಲ್ಲಿ ಇಲ್ಲಿ ಸರಿಯುತ್ತವೆ, ಪುಸ್ತಕದ ಮೊತ್ತಕ್ಕೂ ಆ್ಯಪಿನ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಒಮ್ಮೆ ತಾಳೆ ತಪ್ಪಿದರೆ ನಂಬಿಕೆ ಹೋಯಿತು.

ಕಿಲೋ ದರವನ್ನು ಸೆಟ್ಟಿಂಗ್‌ನಲ್ಲಿ ಒಂದೇ ಕಡೆ ಇಟ್ಟು ಎಲ್ಲ ನಮೂದಿಗೂ ಅಲ್ಲಿಂದ ಎಳೆಯುವುದು ಅತಿ ಸಾಮಾನ್ಯ ತಪ್ಪು. ಜನವರಿಯಲ್ಲಿ ದರ ಏರಿಸಿದ ಕೂಡಲೇ ಡಿಸೆಂಬರಿನ ಹಳೆಯ ಲೆಕ್ಕವೂ ಬದಲಾಗಿಬಿಡುತ್ತದೆ. ಪ್ರತಿ ನಮೂದಿನ ಜೊತೆಗೂ ಆ ದಿನದ ದರವನ್ನು ಉಳಿಸಿ.

ನಮೂದನ್ನು ಅಳಿಸಲು ಬಿಡಬೇಡಿ. ತಪ್ಪಿದ್ದರೆ ತಿದ್ದುಪಡಿಯ ಹೊಸ ನಮೂದು ಬೀಳಲಿ, ಹಳೆಯದು ಗೆರೆ ಹೊಡೆದಂತೆ ಕಾಣಲಿ. «ನನ್ನ 40 ಕಿಲೋ ಎಲ್ಲಿ ಹೋಯ್ತು?» ಎಂದು ಯಾರಾದರೂ ಕೇಳಿದಾಗ ತೋರಿಸಲು ಅದೊಂದೇ ಆಧಾರ.

ಅಳತೆ ಮೀರಿದ ಸಂಖ್ಯೆಗೆ ತಡೆ ಇರಲಿ. 62 ಬದಲು 620 ಒತ್ತಿದರೆ «620 ಕಿಲೋ, ಸರಿಯೇ?» ಎಂದು ಕೇಳಬೇಕು. ತಡೆ ಪ್ರತಿ ನಮೂದಿಗೂ ಬಂದರೆ ಬೇಸರವಾಗುತ್ತದೆ. ತೋಟದ ಸಾಮಾನ್ಯ ತೂಕಕ್ಕಿಂತ ಬಹಳ ಮೇಲಿದ್ದಾಗ ಮಾತ್ರ ಬರಲಿ.

## ಹಂತ 4: ಪರದೆ ಮತ್ತು ಕನ್ನಡ ಅಕ್ಷರ

ಕಾಫಿ ಕೊಯ್ದ ಕೈ ಅಂಟಂಟಾಗಿರುತ್ತದೆ, ಕಣದಲ್ಲಿ ಬಿಸಿಲು ನೇರ ಪರದೆಯ ಮೇಲೆ ಬೀಳುತ್ತದೆ. ಮುಟ್ಟುವ ಗುಂಡಿ ಆಂಡ್ರಾಯ್ಡ್ ಹೇಳುವ 48 ಡಿಪಿಗಿಂತ (ಪರದೆಯ ಮೇಲಿನ ಅಳತೆಯ ಮಾನ) ಕಿರಿದಾಗಬಾರದು. ಸಂಖ್ಯೆಯ ಗುಂಡಿಗಳು 64 ಡಿಪಿ ಇದ್ದರೆ ಇನ್ನೂ ಒಳ್ಳೆಯದು. ಬೂದು ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ, ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಬಿಳಿ ಮೇಲೆ ಕಪ್ಪು ಇಡಿ. ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸದ ಅನುಪಾತ ಕನಿಷ್ಠ 4.5:1 ಇರಲಿ.

ಕನ್ನಡದ ವಿಷಯದಲ್ಲಿ ಎಡವುವ ಜಾಗಗಳು ಬೇರೆಯೇ ಇವೆ, ಪಟ್ಟಾಗಿ ನೋಡಬೇಕು.

ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯಲ್ಲಿ «ಒಟ್ಟು» ಎಂದು ಬರೆದರೆ ಒತ್ತು ಅರ್ಧ ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.5 ಪಟ್ಟು ಇರಲಿ, ಗುಂಡಿಗೆ ನಿಗದಿತ ಎತ್ತರ ಕೊಡಬೇಡಿ, ಕನಿಷ್ಠ ಎತ್ತರ ಮಾತ್ರ ಕೊಡಿ. ಮುಖ್ಯ ಪಠ್ಯದ ಅಕ್ಷರದ ಅಳತೆ 16 ಎಸ್‌ಪಿಗಿಂತ ಕಡಿಮೆ ಬೇಡ. ಫೋನಿನಲ್ಲಿರುವ ಕನ್ನಡ ಫಾಂಟು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಆ್ಯಪಿನೊಳಗೇ ಸೇರಿಸಿ.

ಡಿಟಿಪಿ ಅಂಗಡಿಯಲ್ಲಿ ಪಠ್ಯ ಟೈಪ್ ಮಾಡಿಸಿದರೆ ಅದು ಯೂನಿಕೋಡ್ (ಎಲ್ಲ ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಗಿದೆಯೇ ನೋಡಿ. ಹಳೆಯ ನುಡಿ ಎನ್‌ಕೋಡಿಂಗಿನಲ್ಲಿ ಬಂದದ್ದು ಆ ಫಾಂಟಿರುವ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡು, ಆ್ಯಪಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಪರೀಕ್ಷೆ ಸುಲಭ: ಪಠ್ಯವನ್ನು ವಾಟ್ಸ್ಆ್ಯಪಿನಲ್ಲಿ ಅಂಟಿಸಿ. ಅಲ್ಲಿ ಕನ್ನಡ ಕಂಡರೆ ಯೂನಿಕೋಡ್.

ಹೆಸರಿನ ಹುಡುಕಾಟದಲ್ಲಿ ಇನ್ನೊಂದು ತೊಡಕು. ಕಣ್ಣಿಗೆ ಒಂದೇ ಆಗಿ ಕಾಣುವ ಪದ ಒಳಗೆ ಬೇರೆ ಬೇರೆ ಸಂಕೇತಗಳಲ್ಲಿ ಇರಬಹುದು: «ೋ» ಒಂದೇ ಸಂಕೇತವಾಗಿಯೂ, ತುಂಡುಗಳಾಗಿಯೂ ಬರಬಹುದು; ಒತ್ತು ಕೂಡದಂತೆ ತಡೆಯುವ ಅಗೋಚರ ಅಕ್ಷರ ಒಂದು ಕೀಬೋರ್ಡಿನಲ್ಲಿ ಬೀಳುತ್ತದೆ, ಇನ್ನೊಂದರಲ್ಲಿ ಇಲ್ಲ. ಉಳಿಸುವ ಮೊದಲು ಪಠ್ಯವನ್ನು ತುಂಡುಗಳನ್ನು ಕೂಡಿಸಿ ಒಂದೇ ಬಗೆಗೆ ತರುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಹೋಲಿಸುವಾಗ ಆ ಅಗೋಚರ ಅಕ್ಷರವನ್ನು ತೆಗೆದು ಹೋಲಿಸಿ.

ಅಂಕಿ ಮಾತ್ರ 0ರಿಂದ 9ರ ರೂಪದಲ್ಲೇ ಇರಲಿ. ತೂಕದ ಸ್ಕೇಲಿನಲ್ಲಿ, ಪುಸ್ತಕದಲ್ಲಿ, ನೋಟಿನ ಲೆಕ್ಕದಲ್ಲಿ ಎಲ್ಲರೂ ಬಳಸುವುದು ಅದನ್ನೇ.

ಕೊನೆಯದು, ಬಹಳ ಜನ ಬಿಡುಗಡೆಯಾದ ಮೇಲೆ ಕಂಡುಕೊಳ್ಳುವುದು. ಪ್ಲೇ ಸ್ಟೋರಿಗೆ ಕೊಡುವ ಕಡತದ ರೂಪವಾದ ಆ್ಯಪ್ ಬಂಡಲ್ ಭಾಷೆಗಳನ್ನು ಬೇರ್ಪಡಿಸಿ, ಫೋನು ಯಾವ ಭಾಷೆಯಲ್ಲಿದೆಯೋ ಅದನ್ನಷ್ಟೇ ಕಳಿಸುತ್ತದೆ. ಫೋನು ಇಂಗ್ಲಿಷಿನಲ್ಲಿದ್ದು ಆ್ಯಪಿನೊಳಗೆ ಕನ್ನಡ ಆರಿಸಿದರೆ ಪಠ್ಯ ಬದಲಾಗುವುದೇ ಇಲ್ಲ, ಏಕೆಂದರೆ ಆ ಕಡತ ಫೋನಿಗೆ ಬಂದೇ ಇಲ್ಲ. ನಿಮ್ಮ ಮೇಜಿನ ಮೇಲಿನ ಫೋನಿನಲ್ಲಿ ಈ ದೋಷ ಕಾಣುವುದಿಲ್ಲ. ಬಿಲ್ಡ್ ಸೆಟ್ಟಿಂಗ್‌ನಲ್ಲಿ ಭಾಷೆಯ ವಿಂಗಡಣೆಯನ್ನು ನಿಲ್ಲಿಸಿ. ಆ್ಯಪ್ ಬರೆಯುವ ಇನ್ನೊಂದು ಸಾಧನವಾದ ಫ್ಲಟರ್‌ನಲ್ಲಿ ಪಠ್ಯವನ್ನು ಅದರ ಭಾಷೆಯಾದ ಡಾರ್ಟ್ ಒಳಗೇ ಇಟ್ಟಿದ್ದರೆ ಈ ತೊಂದರೆ ಇಲ್ಲ.

## ಹಂತ 5: ನೆಟ್‌ವರ್ಕ್ ಇಲ್ಲದೆ ನಡೆಯಬೇಕು

ತೋಟದ ಇಳಿಜಾರಿನಲ್ಲಿ, ಕಾಡಿನಂಚಿನ ಊರುಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಹಾಗಾಗಿ ನಮೂದು ಮೊದಲು ಫೋನಿನೊಳಗೆ ಬೀಳಬೇಕು, ಸರ್ವರಿಗೆ ಆಮೇಲೆ ಹೋಗಬೇಕು. ಎಸ್‌ಕ್ಯೂಲೈಟ್ ದತ್ತಕೋಶ ಸಾಕು.

1. ಪ್ರತಿ ನಮೂದಿಗೂ ಫೋನಿನಲ್ಲೇ ಬೇರೆ ಯಾವುದಕ್ಕೂ ಬರದಂಥ ಒಂದು ಗುರುತು (ಯುಯುಐಡಿ) ಕೊಡಿ. ಕಳಿಸುವಾಗ ನಡುವೆ ಸಂಪರ್ಕ ಕಡಿದು ಮತ್ತೆ ಕಳಿಸಿದರೆ ಸರ್ವರ್ ಆ ಗುರುತು ನೋಡಿ ಎರಡನೆಯದನ್ನು ಬಿಡುತ್ತದೆ. ಇದಿಲ್ಲದಿದ್ದರೆ 62 ಕಿಲೋ 124 ಆಗುತ್ತದೆ.

2. ಕಳಿಸದೆ ಉಳಿದ ನಮೂದುಗಳ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿ: «ಕಳಿಸಬೇಕಾದ್ದು 14». ಸುಮ್ಮನೆ ತಿರುಗುವ ಚಕ್ರ ತೋರಿಸಿದರೆ ಜನ ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

3. ಹಿನ್ನೆಲೆಯಲ್ಲಿ ಕಳಿಸುವ ಕೆಲಸವನ್ನೇ ನೆಚ್ಚಿಕೊಳ್ಳಬೇಡಿ. ಹಲವು ಫೋನುಗಳ ಬ್ಯಾಟರಿ ಉಳಿತಾಯ ವ್ಯವಸ್ಥೆ ಅದನ್ನು ನಿಲ್ಲಿಸಿಬಿಡುತ್ತದೆ. ಆ್ಯಪ್ ತೆರೆದಾಗಲೆಲ್ಲ ಒಮ್ಮೆ ಕಳಿಸಲು ನೋಡಲಿ.

4. ಬಟವಾಡೆ ಪಟ್ಟಿಯನ್ನು ಪಿಡಿಎಫ್ ಆಗಿ ವಾಟ್ಸ್ಆ್ಯಪಿಗೆ ಕಳಿಸುವ ಗುಂಡಿ ಇಡಿ. ಫೋನು ನೀರಿಗೆ ಬಿದ್ದರೂ ಆ ಪಟ್ಟಿ ಮಾಲೀಕರ ಫೋನಿನಲ್ಲಿ ಉಳಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ: ಏರೋಪ್ಲೇನ್ ಮೋಡ್ ಹಾಕಿ 30 ನಮೂದು ಬರೆಯಿರಿ, ಫೋನು ಆರಿಸಿ ಮತ್ತೆ ಹಚ್ಚಿ, ನಂತರ ನೆಟ್‌ವರ್ಕ್ ಕೊಡಿ. ಸರ್ವರಿನಲ್ಲಿ ಸರಿಯಾಗಿ 30 ಇರಬೇಕು. ಕಳಿಸುತ್ತಿರುವ ನಡುವೆಯೇ ಮತ್ತೆ ನೆಟ್‌ವರ್ಕ್ ಕಡಿದು ಇನ್ನೊಮ್ಮೆ ನೋಡಿ.

## ಹಂತ 6: ಲಾಗಿನ್, ಅನುಮತಿ, ಖಾಸಗಿತನ

ಆ್ಯಪ್ ತೆರೆದ ಕೂಡಲೇ ಮೊಬೈಲ್ ಸಂಖ್ಯೆ, ಒಟಿಪಿ ಕೇಳಬೇಡಿ. ಸಿಗ್ನಲ್ ಇಲ್ಲದ ಜಾಗದಲ್ಲಿ ಒಟಿಪಿ ಬರುವುದಿಲ್ಲ, ಬಳಕೆದಾರ ಅಲ್ಲೇ ನಿಲ್ಲುತ್ತಾನೆ. ಅದೂ ಅಲ್ಲದೆ ಭಾರತದ ಮೊಬೈಲ್ ಜಾಲಗಳ ಮೂಲಕ ನೇರವಾಗಿ ಒಟಿಪಿ ಎಸ್‌ಎಂಎಸ್ ಕಳಿಸಬೇಕಾದರೆ ಡಿಎಲ್‌ಟಿ (ಎಸ್‌ಎಂಎಸ್ ಕಳಿಸುವ ಸಂಸ್ಥೆಗಳ ದಾಖಲಾತಿ ವ್ಯವಸ್ಥೆ) ನೋಂದಣಿ ಆಗಬೇಕು, ಸಂದೇಶದ ಮಾದರಿಗೂ ಒಪ್ಪಿಗೆ ಬೇಕು. ಕೊನೆಯ ವಾರದಲ್ಲಿ ಹೊರಟರೆ ಆಗುವ ಕೆಲಸ ಅಲ್ಲ. ಲಾಗಿನ್ ಇಲ್ಲದೆ ಶುರುವಾಗಲಿ, ಮೊದಲ ಬಟವಾಡೆ ಮುಗಿದ ಮೇಲೆ «ಲೆಕ್ಕ ಭದ್ರವಾಗಿಡಲು ಗೂಗಲ್ ಖಾತೆ ಸೇರಿಸಿ» ಎಂದು ಕೇಳಿ. ಅಷ್ಟು ಹೊತ್ತಿಗೆ ಕಳೆದುಕೊಳ್ಳಲು ಅವರ ಬಳಿ ಏನೋ ಇರುತ್ತದೆ.

ಕೂಲಿಯವರ ಹೆಸರು ಮತ್ತು ದುಡಿಮೆ ಅವರ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವಂಥದ್ದು. ಆಧಾರ್ ಸಂಖ್ಯೆ ಕೇಳಬೇಡಿ. ಫೋನಿನ ಸಂಪರ್ಕ ಪಟ್ಟಿ, ಸ್ಥಳ, ಎಸ್‌ಎಂಎಸ್ ಅನುಮತಿ ಈ ಕೆಲಸಕ್ಕೆ ಬೇಕಿಲ್ಲ. ಬೇಡದ ಅನುಮತಿ ಕೇಳಿದರೆ ಪ್ಲೇ ಸ್ಟೋರಿನ ಪರಿಶೀಲನೆಯಲ್ಲೂ ಸಿಕ್ಕಿಬೀಳುತ್ತೀರಿ. ನೀವು ಬಳಸಿದ ಜಾಹೀರಾತು ಅಥವಾ ಅಂಕಿಅಂಶದ ಲೈಬ್ರರಿಯೇ ಮಾಹಿತಿ ಹೊರಗೆ ಕಳಿಸುತ್ತಿರಬಹುದು. ಪ್ಲೇ ಸ್ಟೋರಿಗೆ ತುಂಬಿಕೊಡುವ ಡೇಟಾ ಸೇಫ್ಟಿ ಫಾರ್ಮಿನಲ್ಲಿ ಅದನ್ನೂ ತೋರಿಸಬೇಕು. ಖಾಸಗಿತನ ನೀತಿಗೆ ಒಂದು ವೆಬ್ ಪುಟ ಬೇಕು. ಖಾತೆ ತೆರೆಯಲು ಅವಕಾಶ ಕೊಟ್ಟರೆ ಅಳಿಸುವ ದಾರಿಯನ್ನು ಆ್ಯಪಿನೊಳಗೂ ವೆಬ್ಬಿನಲ್ಲೂ ಕೊಡುವುದು ಕಡ್ಡಾಯ.

## ಹಂತ 7: ಹಿಂದಕ್ಕೆ ಹೋಗದ ಎರಡು ತೀರ್ಮಾನ

ಪ್ಯಾಕೇಜ್ ಹೆಸರು (ಸ್ಟೋರು ಆ್ಯಪನ್ನು ಗುರುತಿಸುವ ಒಳಹೆಸರು) ಒಮ್ಮೆ ಪ್ಲೇ ಸ್ಟೋರಿನಲ್ಲಿ ಪ್ರಕಟವಾದರೆ ಬದಲಾಯಿಸಲಾಗದು. ಅದರಲ್ಲಿ «ಟೆಸ್ಟ್», «ಡೆಮೊ» ಎಂಬ ಪದ ಉಳಿದಿಲ್ಲವೆಂದು ನೋಡಿಕೊಳ್ಳಿ. ಎರಡನೆಯದು, ಉಚಿತವೆಂದು ಕೊಟ್ಟ ಆ್ಯಪನ್ನು ಮುಂದೆ ಹಣ ಕೊಟ್ಟು ಇಳಿಸಿಕೊಳ್ಳುವ ಆ್ಯಪಾಗಿ ಬದಲಿಸಲು ಬರುವುದಿಲ್ಲ. ಆ್ಯಪಿನೊಳಗಿನ ಖರೀದಿ ಅಥವಾ ಚಂದಾ ಮಾತ್ರ ಸೇರಿಸಬಹುದು.

ಆ್ಯಪ್ ನಿಮ್ಮದೇ ಎಂದು ಸಹಿ ಮಾಡುವ ಕೀ ಕಡತವನ್ನೂ ಗುಪ್ತಪದವನ್ನೂ ಎರಡು ಬೇರೆ ಕಡೆ ಕಾಪಿಟ್ಟುಕೊಳ್ಳಿ. ಕೀ ಕಳೆದರೆ ಪ್ಲೇ ಆ್ಯಪ್ ಸೈನಿಂಗ್ (ಅಂತಿಮ ಸಹಿಯ ಕೀಯನ್ನು ಗೂಗಲ್ ಇಟ್ಟುಕೊಳ್ಳುವ ವ್ಯವಸ್ಥೆ) ಇದ್ದವರಿಗೆ ಅಪ್‌ಲೋಡ್ ಕೀ ಬದಲಿಸಿಕೊಳ್ಳಲು ದಾರಿ ಇದೆ, ಆದರೆ ಕೊಯ್ಲಿನ ನಡುವೆ ಆ ಓಡಾಟ ಬೇಡ.

## ಹಂತ 8: 12 ಜನ, 14 ದಿನ

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳು ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಆಯ್ದ ಜನರಿಗೆ ಮಾತ್ರ ಕೊಟ್ಟು ನೋಡುವ ಮುಚ್ಚಿದ ಪರೀಕ್ಷೆ ನಡೆಸಬೇಕು. ಕನಿಷ್ಠ 12 ಜನ, ಬಿಡುವಿಲ್ಲದೆ 14 ದಿನ ಪರೀಕ್ಷಕರಾಗಿ ಉಳಿದಿರಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿದರು.

ಜನ ಸಿಕ್ಕಿಬಿಡುತ್ತಾರೆ, ಆದರೆ 14 ದಿನ ಉಳಿಯುವುದಿಲ್ಲ. ಸರಿಯಾಗಿ 12 ಜನರನ್ನೇ ಸೇರಿಸಿಕೊಂಡಿದ್ದು, ಹತ್ತನೇ ದಿನ ಒಬ್ಬರು ಹೊರಬಿದ್ದರೆ ದಿನದ ಲೆಕ್ಕ ಕೆಡುತ್ತದೆ. 18ರಿಂದ 20 ಜನರನ್ನು ಸೇರಿಸಿಕೊಳ್ಳಿ. ಫೋನಿನ ಪ್ಲೇ ಸ್ಟೋರಿನಲ್ಲಿ ಯಾವ ಜಿಮೇಲ್ ವಿಳಾಸ ಇದೆಯೋ ಅದನ್ನೇ ಪಟ್ಟಿಗೆ ಹಾಕಿ. ಮಕ್ಕಳು ಹಾಕಿಕೊಟ್ಟ ಬೇರೆ ವಿಳಾಸ ಇರುವುದು ಸಾಮಾನ್ಯ, ಕೊಂಡಿ ತೆರೆಯದಿರಲು ಮುಖ್ಯ ಕಾರಣ ಅದೇ.

ಪರೀಕ್ಷಕರನ್ನು ಹಣಕ್ಕೆ ಒದಗಿಸುವವರಿಂದ ಕೊಳ್ಳಬೇಡಿ. ಆ್ಯಪನ್ನು ಎಲ್ಲರಿಗೂ ಬಿಡಲು ಮುಂದೆ ಹಾಕುವ ಅರ್ಜಿಯಲ್ಲಿ ಪರೀಕ್ಷೆಯಿಂದ ಏನು ತಿಳಿಯಿತು, ಏನು ಬದಲಿಸಿದಿರಿ ಎಂದು ಗೂಗಲ್ ಕೇಳುತ್ತದೆ. ನಿಜವಾದ ರೈಟರ್‌ಗಳು, ಮೇಸ್ತ್ರಿಗಳು, ಸಣ್ಣ ಬೆಳೆಗಾರರು ಇದ್ದರೆ ಬರೆಯಲು ವಿಷಯ ಇರುತ್ತದೆ. ಅವರಿಗೆ ದಿನಕ್ಕೊಂದು ಕೆಲಸ ಕೊಡಿ: ಮೊದಲ ದಿನ ಹತ್ತು ಖಾತೆ ಸೇರಿಸುವುದು, ಮರುದಿನ ಒಂದು ತಪ್ಪು ನಮೂದು ತಿದ್ದುವುದು, ವಾರದ ಕೊನೆಗೆ ಹಳೆಯ ಪುಸ್ತಕದ ಒಂದು ವಾರವನ್ನು ತುಂಬಿ ಮೊತ್ತ ತಾಳೆ ನೋಡುವುದು.

ಎಚ್ಚರಿಕೆಯ ಗುರುತು: ಎರಡನೇ ವಾರದಲ್ಲಿ ಯಾರೂ ತಾವಾಗಿ ಫೋನ್ ಮಾಡಿ ದೂರದಿದ್ದರೆ ಆ್ಯಪ್ ಚೆನ್ನಾಗಿದೆ ಎಂದಲ್ಲ, ಯಾರೂ ತೆರೆದಿಲ್ಲ ಎಂದು.

## ಹಂತ 9: ತಿಂಗಳ ಲೆಕ್ಕ

ಅರೇಬಿಕಾ ಕೊಯ್ಲು ನವೆಂಬರಿಗೆ ಶುರು, ರೋಬಸ್ಟಾ ಅದರ ಹಿಂದೆಯೇ ಬಂದು ಫೆಬ್ರವರಿ-ಮಾರ್ಚಿನವರೆಗೆ ನಡೆಯುತ್ತದೆ. ಕೊಯ್ಲು ಶುರುವಾದ ಮೇಲೆ ಯಾರೂ ಹೊಸ ಪದ್ಧತಿಗೆ ಕೈ ಹಾಕುವುದಿಲ್ಲ. ಆದ್ದರಿಂದ ಹಿಂದಿನಿಂದ ಎಣಿಸಿ: ಅಕ್ಟೋಬರ್ ಮೊದಲ ವಾರ ಸ್ಟೋರಿನಲ್ಲಿ ಇರಬೇಕು. ಅದಕ್ಕೆ ಮುಚ್ಚಿದ ಪರೀಕ್ಷೆ ಆಗಸ್ಟ್ ಮೂರನೇ ವಾರ ಶುರುವಾಗಬೇಕು. ಅರ್ಜಿಯ ಪರಿಶೀಲನೆಗೂ ಆ್ಯಪಿನ ಪರಿಶೀಲನೆಗೂ ಒಂದೊಂದು ವಾರ, ತಿರಸ್ಕಾರವಾದರೆ ತಿದ್ದಲು ಇನ್ನೆರಡು ವಾರ ಕೈಯಲ್ಲಿರಲಿ. ಕೋಡ್ ಬರೆಯುವ ಕೆಲಸ ಮಾರ್ಚಿನಿಂದ ಜುಲೈ. ಪುಸ್ತಕ ನೋಡುವ ಕೆಲಸ ಅದಕ್ಕೂ ಹಿಂದೆ, ಕೊಯ್ಲು ನಡೆಯುತ್ತಿರುವಾಗಲೇ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯನ್ನು ನಷ್ಟವೆಂದು ನೋಡಬೇಡಿ. ನೆಟ್‌ವರ್ಕ್ ಇಲ್ಲದೆ ಆ್ಯಪ್ ನಡೆಯುತ್ತದೆಯೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೆಂಗಳೂರಿನಲ್ಲಿ ಕೂತು ಮಾಡಲಾಗದು.

## ಹಂತ 10: ಸ್ಟೋರಿನ ಪುಟ

ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000 ಮಿತಿ. ಕನ್ನಡದಲ್ಲಿ ಗುಣಿತ, ಒತ್ತು, ಅರ್ಧಾಕ್ಷರ ಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ 30 ಬೇಗ ಮುಗಿಯುತ್ತದೆ. ಬ್ರ್ಯಾಂಡ್ ಹೆಸರಿನ ಪಕ್ಕ ಕೆಲಸದ ಹೆಸರೂ ಇರಲಿ: «ಕಾಫಿ ಕೊಯ್ಲು ಲೆಕ್ಕ» ಎಂಬುದು ಜನ ಹುಡುಕುವ ಮಾತು. ಹುಡುಕುವವರಲ್ಲಿ ಹಲವರು ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಹಾಗಾಗಿ ಇಂಗ್ಲಿಷ್ ಪುಟದ ವಿವರಣೆಯಲ್ಲಿ ಆ ರೂಪವನ್ನು ಸಹಜವಾಗಿ ಒಮ್ಮೆ ಬಳಸಿ. ಹೆಸರಿನಲ್ಲಿ «ನಂಬರ್ 1», «ಉಚಿತ» ಎಂದು ಸೇರಿಸುವುದಕ್ಕೆ ಪ್ಲೇ ಸ್ಟೋರಿನ ನಿಯಮ ಒಪ್ಪುವುದಿಲ್ಲ.

ಐಕಾನ್ 512×512, ಮೇಲಿನ ಚಿತ್ರ 1024×500. ಪರದೆಯ ಚಿತ್ರಗಳು ಎಂಟರವರೆಗೆ ಹಾಕಬಹುದು, ನಾಲ್ಕು ಸಾಕು. ಮೊದಲ ಚಿತ್ರದಲ್ಲಿ ತುಂಬಿದ ಬಟವಾಡೆ ಪಟ್ಟಿ ಇರಲಿ, ಸ್ವಾಗತದ ಪರದೆ ಬೇಡ. ಪಟ್ಟಿಯಲ್ಲಿ ನಿಜವಾದ ಕೂಲಿಯವರ ಹೆಸರು ಉಳಿದಿಲ್ಲವೆಂದು ಎರಡು ಸಲ ನೋಡಿ.

## ಹಂತ 11: ಪ್ರಚಾರ, ಹತ್ತು ತೋಟದಿಂದ

ಮೊದಲ ಹತ್ತು ತೋಟಗಳಿಗೆ ನೀವೇ ಹೋಗಿ ಹಾಕಿಕೊಡಿ, ಖಾತೆಗಳನ್ನು ಅವರೊಂದಿಗೆ ಕೂತು ತುಂಬಿ. ಎರಡನೇ ಬಟವಾಡೆಯನ್ನೂ ಆ್ಯಪಿನಲ್ಲೇ ಮಾಡಿದವರು ಎಷ್ಟು ಜನ ಎಂಬ ಒಂದೇ ಸಂಖ್ಯೆ ಹಿಡಿಯಿರಿ. ಮೊದಲ ಬಟವಾಡೆ ನಿಮ್ಮ ಮುಲಾಜಿಗೆ ನಡೆದಿರಬಹುದು, ಎರಡನೆಯದು ಹಾಗಲ್ಲ. ಹತ್ತರಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಪ್ರಚಾರ ನಿಲ್ಲಿಸಿ 2ನೇ ಹಂತಕ್ಕೆ ಹಿಂತಿರುಗಿ. ಇಳಿಸಿಕೊಂಡವರ ಒಟ್ಟು ಸಂಖ್ಯೆಯನ್ನು ನೋಡುತ್ತ ಕೂತರೆ ದಾರಿ ತಪ್ಪುತ್ತದೆ.

ಐದು ದಾಟಿದರೆ ಜನ ಸೇರುವ ಜಾಗಗಳಿಗೆ ಹೋಗಿ. ಗೊಬ್ಬರದ ಅಂಗಡಿ, ಕಾಫಿ ಕೊಳ್ಳುವ ವ್ಯಾಪಾರಿಯ ಗೋದಾಮು, ಕೃಷಿ ಪತ್ತಿನ ಸಹಕಾರ ಸಂಘ: ಬೆಳೆಗಾರ ಕಾಯುತ್ತ ನಿಲ್ಲುವ ಜಾಗಗಳಿವು, ಫಲಕ ಓದಲು ಹೊತ್ತಿರುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯ ನೂಕಿನಲ್ಲಿ ಕರಪತ್ರ ಹಂಚುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಕಾಫಿ ಮಂಡಳಿಯ ಕಚೇರಿಗಳು ಬೆಳೆಗಾರರ ಕಾರ್ಯಕ್ರಮ ಇಟ್ಟುಕೊಂಡಾಗ ಐದು ನಿಮಿಷದ ಪ್ರಾತ್ಯಕ್ಷಿಕೆಗೆ ಅವಕಾಶ ಕೇಳಿ. ಸುದ್ದಿಗಾಗಿ ‘ಶಕ್ತಿ’ ದಿನಪತ್ರಿಕೆ ಮತ್ತು ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂ ಇವೆ. ಅವರಲ್ಲಿಗೆ ಹೋಗುವಾಗ ಆ್ಯಪಿನ ವೈಶಿಷ್ಟ್ಯಗಳ ಪಟ್ಟಿ ಒಯ್ಯಬೇಡಿ, ಬಟವಾಡೆ ತಕರಾರು ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಒಯ್ಯಿರಿ.

ಪ್ರತಿ ಜಾಗದ ಫಲಕಕ್ಕೂ ಬೇರೆ ಬೇರೆ ಕ್ಯೂಆರ್ ಸಂಕೇತ ಮಾಡಿ, ಕೊಂಡಿಯಲ್ಲಿ ಎಲ್ಲಿಂದ ಬಂದರೆಂದು ತಿಳಿಸುವ ಬೇರೆ ಬೇರೆ ಯುಟಿಎಂ ಗುರುತು ಹಾಕಿ. ಸೋಮವಾರಪೇಟೆಯ ಅಂಗಡಿಯಿಂದ ಎಷ್ಟು, ವಿರಾಜಪೇಟೆಯ ಸಂಘದಿಂದ ಎಷ್ಟು ಎಂದು ಪ್ಲೇ ಕನ್ಸೋಲಿನಲ್ಲಿ (ಡೆವಲಪರ್ ಖಾತೆಯ ಪುಟದಲ್ಲಿ) ಬೇರೆ ಬೇರೆಯಾಗಿ ಕಾಣುತ್ತದೆ. ಫಲ ಕೊಡದ ಜಾಗದ ಫಲಕವನ್ನು ಎರಡು ವಾರ ನೋಡಿ ತೆಗೆಯಿರಿ.

ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ವಿಡಿಯೊ 40 ಸೆಕೆಂಡ್ ದಾಟಬಾರದು: ಚೀಲ ಸ್ಕೇಲಿಗೇರುವುದು, ಸಂಖ್ಯೆ ಒತ್ತುವುದು, ಬಟವಾಡೆ ಪಟ್ಟಿ ಬರುವುದು, ಅಷ್ಟೇ. ಸ್ಟೋರಿಲ್ಲದೆ ನೇರವಾಗಿ ಹಾಕಿಕೊಳ್ಳುವ ಎಪಿಕೆ ಕಡತವನ್ನು ಗುಂಪಿನಲ್ಲಿ ಹಂಚಬೇಡಿ. ಮೋಸದ ಎಪಿಕೆಗಳಿಂದ ಬ್ಯಾಂಕ್ ಖಾತೆಯ ದುಡ್ಡು ಕಳೆದುಕೊಂಡವರಿದ್ದಾರೆ; ಜನರಿಗೆ ಆ ಅಭ್ಯಾಸ ಕಲಿಸುವವರು ನಾವಾಗಬಾರದು. ಪ್ಲೇ ಸ್ಟೋರಿನ ಕೊಂಡಿಯನ್ನೇ ಕೊಡಿ.

ಸ್ಟಾರ್ ಮತ್ತು ಅಭಿಪ್ರಾಯ ಕೇಳುವ ಹೊತ್ತು ಮೂರನೇ ಬಟವಾಡೆ ಮುಗಿದ ಮೇಲೆ. ಅಭಿಪ್ರಾಯಕ್ಕೆ ಬದಲಾಗಿ ರೀಚಾರ್ಜ್, ರಿಯಾಯಿತಿ ಕೊಡುವುದು ನಿಯಮಕ್ಕೆ ವಿರುದ್ಧ. ದೂರು ಬರೆದವರಿಗೆ 350 ಅಕ್ಷರದೊಳಗೆ, ಅವರ ಭಾಷೆಯಲ್ಲೇ, ಯಾವ ಆವೃತ್ತಿಯಲ್ಲಿ ಸರಿಹೋಗಿದೆ ಎಂದು ಉತ್ತರಿಸಿ.

ದುಡ್ಡು ಕೇಳುವುದು ಮೊದಲ ಕೊಯ್ಲು ಮುಗಿದ ಮೇಲೆ. ವರ್ಷದ ಚಂದಾ ಇಟ್ಟರೆ ಪ್ಲೇ ಸ್ಟೋರಿನ ಪಾಲು ಸಾಮಾನ್ಯವಾಗಿ 15 ಶೇಕಡಾ ಎಂದು ಹಿಡಿದು ಬೆಲೆ ಹಾಕಿ. ತಿಂಗಳ ಚಂದಾ ಬೇಡ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬಳಸದ ವಸ್ತುವಿಗೆ ತಿಂಗಳು ತಿಂಗಳು ಯಾರೂ ಕೊಡುವುದಿಲ್ಲ.

## ಹಂತ 12: ಕೊಯ್ಲಿನ ನಡುವೆ ಅಪ್‌ಡೇಟ್

ಹೊಸ ಆವೃತ್ತಿಯನ್ನು ಮೊದಲು 10 ಶೇಕಡಾ ಜನರಿಗೆ ಬಿಡಿ, ಎರಡು ದಿನ ನೋಡಿ ಹೆಚ್ಚಿಸಿ. ತಪ್ಪು ಕಂಡರೆ ಬಿಡುಗಡೆಯನ್ನು ನಿಲ್ಲಿಸಬಹುದು, ಆದರೆ ಇಳಿಸಿಕೊಂಡವರ ಫೋನಿನಿಂದ ಹಿಂದಕ್ಕೆ ಪಡೆಯಲಾಗದು. ಇನ್ನೂ ಹೆಚ್ಚಿನ ಆವೃತ್ತಿ ಸಂಖ್ಯೆಯ ತಿದ್ದುಪಡಿ ಕಳಿಸುವುದೊಂದೇ ದಾರಿ. ಬಟವಾಡೆಯ ಹಿಂದಿನ ದಿನ, ಬಟವಾಡೆಯ ದಿನ ಏನನ್ನೂ ಬಿಡಬೇಡಿ.

ಪ್ಲೇ ಕನ್ಸೋಲಿನಲ್ಲಿ ಎರಡು ಸಂಖ್ಯೆ ಗಮನಿಸಿ: ಬಳಕೆದಾರರಿಗೆ ಕಾಣುವ ಕ್ರ್ಯಾಶ್ 1.09 ಶೇಕಡಾ, ಆ್ಯಪ್ ಸ್ತಬ್ಧವಾಗುವುದು 0.47 ಶೇಕಡಾ. ಇವನ್ನು ದಾಟಿದರೆ ಸ್ಟೋರಿನ ಹುಡುಕಾಟದಲ್ಲಿ ನಿಮ್ಮ ಆ್ಯಪ್ ಕೆಳಗೆ ಸರಿಯಬಹುದು. ಪ್ಲೇ ಸ್ಟೋರ್ ತಾನಾಗಿ ಅಪ್‌ಡೇಟ್ ಮಾಡುವುದನ್ನು ವೈಫೈಗೆ ಮಾತ್ರ ಸೀಮಿತವಾಗಿಟ್ಟ ಫೋನುಗಳು ಬಹಳ. ತೋಟದಲ್ಲಿ ವೈಫೈ ಇಲ್ಲದವರ ಫೋನಿನಲ್ಲಿ ತಿಂಗಳುಗಟ್ಟಲೆ ಹಳೆಯ ಆವೃತ್ತಿಯೇ ಇರುತ್ತದೆ. ಸರ್ವರ್ ಇಡೀ ಒಂದು ಕೊಯ್ಲು ಹಳೆಯ ಆವೃತ್ತಿಯ ನಮೂದುಗಳನ್ನೂ ಸ್ವೀಕರಿಸುವಂತಿರಲಿ.

ಏಪ್ರಿಲಿನಲ್ಲಿ ಬಳಕೆ ಸೊನ್ನೆಗೆ ಇಳಿಯುತ್ತದೆ, ಕೆಲವರು ಆ್ಯಪ್ ತೆಗೆಯುತ್ತಾರೆ. ತೆಗೆಯುವ ಮುಂಚೆ ಇಡೀ ಕೊಯ್ಲಿನ ಲೆಕ್ಕ ಅವರ ಕೈ ಸೇರಿರಬೇಕು. ಮಾರ್ಚ್ ಕೊನೆಗೆ «ವರ್ಷದ ಲೆಕ್ಕ ಇಳಿಸಿಕೊಳ್ಳಿ» ಎಂಬ ಒಂದೇ ಒಂದು ಸೂಚನೆ ಕಳಿಸಿ.

ವರ್ಷವಿಡೀ ಫೋನಿನಲ್ಲಿ ಉಳಿಯುವ ಎರಡನೇ ಕೆಲಸ ಸೇರಿಸಬೇಕೆನಿಸಿದರೆ ಕೊಡಗಿಗೆ ಹೊಂದುವುದು ಮಳೆಯ ದಾಖಲೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು ಎಂಬುದನ್ನು ಇಲ್ಲಿನ ಬೆಳೆಗಾರರು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ದತ್ತಕೋಶದಲ್ಲಿ ಸೆಂಟನ್ನು ಪೂರ್ಣಾಂಕವಾಗಿ ಇಡಿ, ಮಿಲಿಮೀಟರನ್ನು ತೋರಿಸುವಾಗ ಮಾತ್ರ ಲೆಕ್ಕ ಹಾಕಿ. ಬೆಳಿಗ್ಗೆ ಅಳೆದ ಮಳೆಯನ್ನು ಕೆಲವರು ಅಂದಿನ ತಾರೀಕಿಗೆ, ಕೆಲವರು ಹಿಂದಿನ ದಿನದ ತಾರೀಕಿಗೆ ಬರೆಯುತ್ತಾರೆ. ಪರದೆ ಬಿಡಿಸುವ ಮೊದಲು ಅವರ ಮಳೆ ಪುಸ್ತಕ ಕೇಳಿ, ಯಾವ ತಾರೀಕಿಗೆ ಬರೆಯುವುದು ರೂಢಿ ಎಂದು ತಿಳಿದುಕೊಳ್ಳಿ.